ಚಾಂದನ ಮುಂಗಾಲು

೧ ಜನವರಿ ೧೯೭೮, ರವಿವಾರ. ಚಿತ್ತಾಪುರ

ಬರೆಯಬೇಕಂತೆ. ನಾನು! ಆಡಕಿ ಊರಿನ ಅಯ್ಯನವರ ಸಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಒಂದು ದಿನ ಅಯ್ಯನವರ ಕೈಯ ಬೆತ್ತವನ್ನೇ ಕಿತ್ತು ಮುರಿದು ಓಡಿಬಂದವನು. ಆಮೇಲೆ ರೈಲ್ವೆಯಲ್ಲಿ ಚಾಬಿವಾಲಾ ಆದೆ. ಹಳಿಯ ಗುಂಟ ನಡೆಯುವುದು, ಸಡಿಲಾದ ಚಾಬಿ ಬಡಿದು ಬಿಗಿ ಮಾಡುವುದು. ಪಗಾರದ ದಿನದ ಸಹಿ ಬಿಟ್ಟರೆ ಜನ್ಮದಲ್ಲಿ ಏನೂ ಬರೆಯಲಿಲ್ಲ. ಅದರಿಂದ ಯಾವ ರೈಲೂ ಬೀಳಲಿಲ್ಲ.

ಈ ಡೈರಿ ಅಳಿಯನ ಕಾರ್ಖಾನೆಯದು, ವಾಡಿಯ ಸಿಮೆಂಟಿನದು. ಮಗಳು ರತ್ನಾಬಾಯಿ ತಂದು ಮಂಚದ ಮೇಲೆ ಒಗೆದಳು.

"ಯಪ್ಪಾ, ಸಿಟ್ಟು ಬಂದಾಗ ಬಾಯಿ ತೆರೀಬ್ಯಾಡ, ಇದನ್ನ ತೆರಿ. ಏನ್ ಒದರೋದದ ಎಲ್ಲಾ ಇದರಾಗ ಒದರು. ಬಿ.ಪಿ. ಭಾಳ ಅದ ಅಂತ ಡಾಕ್ಟರ್ ಅಂದಿದ್ದು ಮರತಿ ಏನ್?"

"ಯಾರ್ ಓದತಾರ ಇದನ್ನ?"

"ಯಾರೂ ಓದಲ್ಲ. ನೀ ಬರಿ."

ಯಾರೂ ಓದದಿದ್ದರೆ ಬರೆಯುವುದು ಯಾಕೆ? ಕೇಳಿದರೆ ನಗುತ್ತಾಳೆ. ಥೇಟ್ ಅವರವ್ವ.

ಬರೆದೆ. ಸಿಟ್ಟು ಎಲ್ಲಿತ್ತೋ ಅಲ್ಲೇ ಇದೆ.

೩ ಜನವರಿ, ಮಂಗಳವಾರ

ಟಗರು ಡೈರಿಯ ಮೂಲೆ ತಿಂದಿದೆ. ಮಾರ್ಚ್‌ವರೆಗಿನ ಯಾವ ಹಾಳೆಗೂ ಮೂಲೆ ಇಲ್ಲ. ಬಡಿಯಲು ಕೋಲು ಎತ್ತಿದೆ. ಬಂದು ಮೊಣಕಾಲಿಗೆ ತಲೆ ಆನಿಸಿ ನಿಂತಿತು. ಬುದ್ಧಿಯಿಲ್ಲದ ಜಾತಿ.

ಇದು ನನ್ನ ಹೆಂಡತಿ ಭಾಗಮ್ಮನ ಟಗರು. ರತ್ನಾಳ ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಭಾಗಮ್ಮ ದರ್ಗಾಕ್ಕೆ ಹೋಗಿ ಕಂದೂರಿ ಹರಕೆ ಹೊತ್ತು ಬಂದಳು: ಕೂಸು ಉಳಿದು ವರ್ಷ ತುಂಬಿದರೆ ಟಗರು ಕೊಟ್ಟು ಜನಕ್ಕೆ ಉಣಿಸುತ್ತೇನೆ ಎಂದು. ಆವತ್ತೇ ಸಂತೆಯಿಂದ ತಾಯಿಯಿಲ್ಲದ ಈ ಕರಿ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಬಾಟಲಿಯ ಬಾಯಿಗೆ ಅರಿವೆ ಕಟ್ಟಿ ಹಾಲು ಕುಡಿಸಿದಳು. ಹಣೆಯ ಮೇಲೆ ಬಿಳಿ ಮಚ್ಚೆ ಇದೆಯೆಂದು ಚಾಂದ್ ಎಂದು ಕರೆದಳು. ಕೊಯ್ಯುವ ಪ್ರಾಣಿಗೆ ಹೆಸರಿಡಬಾರದು ಎಂದು ಎಷ್ಟು ಒದರಿದೆ. ಕೇಳಲಿಲ್ಲ.

ಕೂಸು ಉಳಿದಿದೆ. ಬಂದಪ್ಪ ಎಂದು ಹೆಸರು. ಭಾಗಮ್ಮ ಹೋದ ಶ್ರಾವಣದಲ್ಲಿ ತೀರಿಹೋದಳು. ಟಗರು ನನ್ನ ಕೊರಳಿಗೆ ಬಿತ್ತು.

ಕಂದೂರಿ ಇದೇ ಹತ್ತೊಂಬತ್ತಕ್ಕೆ, ಗುರುವಾರ. ಆಮೇಲೆ ಅಂಗಳವಾದರೂ ಸ್ವಚ್ಛ ಇರುತ್ತದೆ.

೯ ಜನವರಿ, ಸೋಮವಾರ. ಎಳ್ಳಮಾವಾಸಿ

ಪಕ್ಕದ ಮನೆಯ ನೀಲಾಬಾಯಿ ತಮ್ಮ ಹೊಲಕ್ಕೆ ಕರೆದಳು. ಹೋದ ವರ್ಷ ಭಾಗಮ್ಮನೂ ಇದ್ದಳು. ಬಂಡಿಯಲ್ಲಿ ಜಾಗ ಇಲ್ಲವೆಂದರೂ ಟಗರು ಹಿಂದೆಯೇ ಓಡಿ ಬಂತು. ಎದೆಯೆತ್ತರದ ಜೋಳದಲ್ಲಿ ಭೂತಾಯಿಗೆ ಚರಗ ಚೆಲ್ಲಿದೆವು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು. ನನ್ನ ಎಲೆಯ ಕಡುಬು ಟಗರು ತಿಂದಿತು.

ನೀಲಾಬಾಯಿಯ ನಾಲಗೆ ಸುಮ್ಮನಿರುವುದಿಲ್ಲ. "ನೋಡ್ರೇ, ಜಟ್ಟೆಪ್ಪಣ್ಣ ಟಗರಿನ ಜೋಡಿ ಸಂಸಾರ ಹೂಡ್ಯಾನ! ಒಂದೇ ಎಲ್ಯಾಗ ಉಣಲಿಕತ್ತಾರ!"

ಹೆಂಗಸರೆಲ್ಲ ನಕ್ಕರು. ನಾನು ಎದ್ದು ಬಂದೆ. ನಡೆದೇ ಬಂದೆ. ಅದೂ ನಡೆದೇ ಬಂತು.

೧೨ ಜನವರಿ, ಗುರುವಾರ

ನಮ್ಮ ಅಂಗಳಕ್ಕೆ ಶಹಾಬಾದ ಫರಸಿಕಲ್ಲು ಹಾಸಿದೆ. ಟಗರು ಓಡಾಡಿದರೆ ಒಳಗೆ ಕುಳಿತವನಿಗೆ ಕೇಳುತ್ತದೆ. ಟಕ್ಕ, ಟಕ್ಕ, ಟಕ್ಕ, ಟಕ್ಕ. ಇವತ್ತು ಮೂರು ಟಕ್ಕ, ಆಮೇಲೆ ಒಂದು ಸರ್ರ್. ಹೊರಗೆ ಬಂದು ನೋಡಿದರೆ ಬಲ ಮುಂಗಾಲು ಎಳೆಯುತ್ತಿದೆ.

ನೀಲಾಬಾಯಿ ಗೋಡೆಯ ಮೇಲಿಂದ ಇಣುಕಿದಳು. "ದನದ ದವಾಖಾನಿ ಇಲ್ಲೇ ತಹಸೀಲ ಕಚೇರಿ ಹಿಂದ ಅದ. ಒಂದು ಸಲ ತೋರಿಸಿ ಬರ್ರಿ."

"ಕುಂಟಿದ್ದಕ್ಕೆಲ್ಲ ಡಾಕ್ಟರಾ? ನನ್ನ ಮೊಣಕಾಲು ಎರಡು ವರ್ಷ ಆತು ನೋಯಲಿಕತ್ತು. ನನ್ನ ಯಾರು ಒಯ್ದಾರ?"

"ನಿಮಗ ಬಾಯಿ ಅದ. ಅದಕ್ಕಿಲ್ಲ."

ಮಾತಿಗೆ ಮಾತು. ಮೇವು ತಿನ್ನುತ್ತಿದೆ, ನೀರು ಕುಡಿಯುತ್ತಿದೆ. ತಿನ್ನುವ ಪ್ರಾಣಿಗೆ ಡಾಕ್ಟರು ಬೇಡ. ತಿನ್ನುವುದು ಬಿಟ್ಟರೆ ಆಗ ನೋಡೋಣ.

೧೭ ಜನವರಿ, ಮಂಗಳವಾರ

ಮುಲ್ಲಾ ಸಲಾಂ ಸಾಬ ಟಗರು ನೋಡಲು ಬಂದ. ನಾಡಿದ್ದು ಕೊಯ್ಯುವವನು ಅವನೇ, ಫಾತಿಹಾ ಓದಿಸುವವನೂ ಅವನೇ. ಚಿಕ್ಕಂದಿನಿಂದ ಗೊತ್ತು, ಅವನಪ್ಪನೂ ನಮ್ಮಪ್ಪನೂ ಒಂದೇ ಖಣಿಯಲ್ಲಿ ಕಲ್ಲು ಒಡೆದವರು. ಬಾಯಿ ತೆರೆದು ಹಲ್ಲು ನೋಡಿದ, ಕಿವಿ ನೋಡಿದ, ಕಣ್ಣು ನೋಡಿದ. ಆಮೇಲೆ ಫರಸಿಯ ಮೇಲೆ ನಡೆಸು ಎಂದ.

ಮೂರು ಟಕ್ಕ, ಒಂದು ಸರ್ರ್.

"ನಡೀಲ್ಲ ಜಟ್ಟೆಪ್ಪ. ಇದಕ್ಕ ಐಬು ಅದ. ಕುಂಟೋದನ್ನ ದೇವರ ಹೆಸರಿಗೆ ಹೆಂಗ ಕೊಡತಿ? ನಿನ್ನ ಮಗಳಿಗೆ ಕುಂಟ ಗಂಡು ತಂದಿದ್ದಿ ಏನ್?"

"ಹಂಗಾದ್ರ?"

"ಕಾಲು ನೆಟ್ಟಗಾಗಲಿ. ಮುಂದಿನ ತಿಂಗಳು ಇಟ್ಟಕೊಳ್ಳಣು. ದರ್ಗಾ ಎಲ್ಲಿ ಹೋಗತದ?"

ಅಕ್ಕಿ ತಂದಾಗಿದೆ, ಅಳಿಯ ರಜೆ ಹಾಕಿದ್ದಾನೆ, ನೆಂಟರಿಗೆ ಹೇಳಿ ಕಳಿಸಿಯಾಗಿದೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ವಾಡಿಗೆ ಹೋಗುವವನೊಬ್ಬನ ಕೈಯಲ್ಲಿ ರತ್ನಾಳಿಗೆ ಸುದ್ದಿ ಕಳಿಸಿದೆ.

ಯಾಕೋ ಇವತ್ತು ಹಸಿವೆಯಾಯಿತು. ಎರಡು ರೊಟ್ಟಿ ತಿಂದೆ. ಟಗರಿಗೂ ಒಂದು ಹಾಕಿದೆ.

೨೧ ಜನವರಿ, ಶನಿವಾರ

ಬಿಸಿಲಿನಲ್ಲಿ ಕುಳಿತು ಟಗರಿನ ಕಾಲು ಎತ್ತಿ ನೋಡಿದೆ. ಗೊರಸಿನ ಸಂದಿಯಲ್ಲಿ ಕರಿ ಚುಕ್ಕೆ. ಉಗುರಿನಿಂದ ಕೆರೆದೆ. ಕಬ್ಬಿಣ. ಎತ್ತಿನ ಲಾಳದ ಮೊಳೆ, ತಲೆ ಮುರಿದು ಒಳಗೆ ಉಳಿದಿದೆ. ಎಳ್ಳಮಾವಾಸಿಯ ದಿನ ಬಂಡಿಯ ದಾರಿಯಲ್ಲಿ ಚುಚ್ಚಿರಬೇಕು.

ಇಕ್ಕಳ ಹಚ್ಚಿ ಎಳೆದರೆ ಬರುತ್ತದೆ. ಇಂಥ ಎಷ್ಟು ಮೊಳೆ ಕಿತ್ತಿಲ್ಲ ನಾನು. ಇಕ್ಕಳ ಸಿಗಲಿಲ್ಲ ಎಂದು ಬರೆಯಬಹುದು. ಕಣ್ಣೆದುರಿಗೇ ಗೂಟದಲ್ಲಿ ನೇತಾಡುತ್ತಿತ್ತು.

ಕಾಲು ಕೆಳಗೆ ಬಿಟ್ಟೆ.

ಮೊಳೆ ಬಂದರೆ ಎಂಟು ದಿನದಲ್ಲಿ ಕಾಲು ನೆಟ್ಟಗಾಗುತ್ತದೆ. ನೆಟ್ಟಗಾದರೆ ಸಲಾಂ ಸಾಬ ಬರುತ್ತಾನೆ. ಐಬು ಇರುವುದನ್ನು ಕೊಡಬಾರದು ಎಂದವನು ಅವನು, ನಾನಲ್ಲ. ನಾನು ಹರಕೆ ತಪ್ಪಿಸಿಲ್ಲ. ಕುಂಟುತ್ತದೆ, ಕುಂಟಲಿ. ಲೋಕದಲ್ಲಿ ಎಷ್ಟು ಜನ ಕುಂಟುತ್ತ ಬಾಳುವುದಿಲ್ಲ?

೨೫ ಜನವರಿ, ಬುಧವಾರ

ರತ್ನಾಳ ಕಾರ್ಡು ಬಂದಿದೆ. ಬಂದಪ್ಪನಿಗೆ ಕೆಮ್ಮಂತೆ. ಅವಳ ಅತ್ತೆ, ಹರಕೆ ತೀರಿಸದೆ ಕೂತರೆ ಹೀಗೇ ಆಗುತ್ತದೆ ಎಂದು ದಿನವೂ ಚುಚ್ಚುತ್ತಾಳಂತೆ. ಟಗರನ್ನು ದವಾಖಾನೆಗೆ ತೋರಿಸು, ಇಲ್ಲದಿದ್ದರೆ ಬೇರೆ ಟಗರು ತಾ ಎಂದು ಬರೆದಿದ್ದಾಳೆ. ಎರಡು ಕೂಸು ಕಳೆದುಕೊಂಡವಳು. ಕೆಮ್ಮಿಗೂ ಹೆದರುತ್ತಾಳೆ, ಸೀನಿಗೂ ಹೆದರುತ್ತಾಳೆ.

ಹರಕೆ ಹೊತ್ತ ಟಗರನ್ನು ಬದಲಿಸಬಾರದು, ಮತ್ತು ದನದ ಡಾಕ್ಟರು ಊರಲ್ಲಿಲ್ಲ ಎಂದು ಉತ್ತರ ಹಾಕಿದೆ.

ಡಾಕ್ಟರು ಊರಲ್ಲೇ ಇದ್ದಾನೆ. ಕಾರ್ಡು ಡಬ್ಬಿಗೆ ಹಾಕಿ ಬರುವಾಗ ಸೈಕಲ್ ಮೇಲೆ ಎದುರಿಗೇ ಬಂದ. ಮೈಸೂರು ಕಡೆಯ ಹುಡುಗ. ನಮಸ್ಕಾರ ಎಂದ. ನಾನು ಮುಖ ತಿರುಗಿಸಿದೆ.

೨೯ ಜನವರಿ, ರವಿವಾರ

ಟಗರು ರೊಟ್ಟಿ ಪೂರ್ತಿ ತಿನ್ನಲಿಲ್ಲ. ಬಾಯಲ್ಲಿ ಹಿಡಿದುಕೊಂಡು ನಿಂತೇ ಇತ್ತು. ನಿನ್ನೆಯ ರೊಟ್ಟಿ, ಗಟ್ಟಿಯಾಗಿತ್ತು.

ನೀಲಾಬಾಯಿ ಇಣುಕಿದಳು. ಇವತ್ತು ನಗಲಿಲ್ಲ. "ಅದು ನಿಂತದ್ದು ನೋಡ್ರಿ ಜಟ್ಟೆಪ್ಪಣ್ಣ. ಕಟ್ಟಿಗಿ ಕುದುರಿ ನಿಂತಂಗ ನಿಂತದ. ಕಿವಿ ನೋಡ್ರಿ, ಹೆಂಗ ಸೆಟದಾವ."

"ಥಂಡಿಗೆ."

"ಬಿಸಲಾಗ ಎಂಥಾ ಥಂಡಿ?"

ನಿನ್ನ ಮನೆ ನೀ ನೋಡಿಕೋ ಎಂದು ಒದರಿದೆ. ಒದರಿದಾಗ ಟಗರು ಬೆಚ್ಚಿತು. ಮೊದಲೆಲ್ಲ ಬೆಚ್ಚುತ್ತಿರಲಿಲ್ಲ, ನನ್ನ ದನಿಯಲ್ಲೇ ಬೆಳೆದದ್ದು.

ನೀರು ಕುಡಿಯುತ್ತಿದೆ. ನೀರು ಬಿಟ್ಟರೆ ದವಾಖಾನೆಗೆ ಒಯ್ಯುವುದು. ನಿಶ್ಚಯ.

೩೧ ಜನವರಿ, ಮಂಗಳವಾರ

ನೀರು ಕುಡಿಯಿತು. ಸ್ವಲ್ಪ.

೧ ಫೆಬ್ರವರಿ, ಬುಧವಾರ

ಬಕೀಟಿನಲ್ಲಿ ಮೂತಿ ಇಟ್ಟಿತು. ಕುಡಿಯಿತೋ ಇಲ್ಲವೋ ತಿಳಿಯಲಿಲ್ಲ. ಕುಡಿದಿರಬೇಕು.

೨ ಫೆಬ್ರವರಿ, ಗುರುವಾರ

ಬೆಳಗಿನ ಗಾಡಿಗೆ ರತ್ನಾ ಬಂದಳು, ಬಂದಪ್ಪನನ್ನು ಕಂಕುಳಲ್ಲಿ ಎತ್ತಿಕೊಂಡು. ಹೊಸಿಲು ದಾಟುವ ಮೊದಲೇ ಟಗರಿನ ಮುಂದೆ ನಿಂತಳು.

"ಯಪ್ಪಾ, ಇದೇನಿದು? ಇದರ ಬಾಯಾಗಿಂದ ಜೊಲ್ಲು ಸೋರಲಿಕತ್ತದ!"

"ಕುಂಟತದ ಅಂತ ಹೇಳಿದ್ದೆನಲ್ಲ."

"ಇದು ಕುಂಟೋದಾ? ಡಾಕ್ಟರ್ ಏನಂದಾ?"

"ಊರಾಗಿಲ್ಲಂತ ಬರದಿದ್ದೆ."

"ಈಗ ಸ್ಟೇಷನ್ನಿಂದ ಬರೋವಾಗ ದವಾಖಾನಿ ಮುಂದೇ ಬಂದೆ. ಖುರ್ಚಿ ಮ್ಯಾಲ ಕೂತು ಪೇಪರ್ ಓದಲಿಕತ್ತಾನ." ಕೂಸನ್ನು ಎದೆಗೆ ಒತ್ತಿಕೊಂಡಳು. "ನೀ ಬೇಕಂತ ಮಾಡಾಕತ್ತಿ. ನನ್ನ ಕೂಸಿಗೆ ಏನಾದ್ರೂ ಆಗಲಿ, ನಿನಗ ಟಗರು ಬೇಕು."

ಆಗ ಒದರಿದೆ. ಏನು ಒದರಿದೆನೋ ನೆನಪಿಲ್ಲ. ಓಣಿಯ ತುದಿಯವರೆಗೆ ಕೇಳಿರಬೇಕು. ಟಗರು ನಿಂತಲ್ಲೇ ಹಲಗೆಯಂತೆ ಬಿತ್ತು. ನಾಲ್ಕೂ ಕಾಲು ಸೆಟೆದು, ಕುತ್ತಿಗೆ ಹಿಂದಕ್ಕೆ ಬಾಗಿ, ಕಣ್ಣು ಮಾತ್ರ ನನ್ನ ಕಡೆ.

ನನ್ನ ದನಿಗೇ ಬಿತ್ತು.

ನೀಲಾಬಾಯಿ ಕೂಸನ್ನು ಇಸಿದುಕೊಂಡಳು. ಅವರ ತಳ್ಳುಗಾಡಿಯಲ್ಲಿ ಗೋಣಿ ಹಾಸಿ ಮಲಗಿಸಿದೆವು. ನಾನು ಎಳೆದೆ, ರತ್ನಾ ಹಿಂದಿನಿಂದ ನೂಕಿದಳು. ಕಲ್ಲು ಬಂದಾಗಲೆಲ್ಲ ಟಗರು ಸೆಟೆಯುತ್ತಿತ್ತು.

ಡಾಕ್ಟರು ಕಾಲು ನೋಡಿದ, ದವಡೆ ಬಿಡಿಸಲು ನೋಡಿದ. ಬಿಡಲಿಲ್ಲ. ಇಕ್ಕಳದಿಂದ ಮೊಳೆ ಕಿತ್ತು ಟೇಬಲ್ಲಿನ ಮೇಲೆ ಇಟ್ಟ.

"ಧನುರ್ವಾಯು, ಯಜಮಾನ್ರೇ. ಎಷ್ಟು ದಿನದಿಂದ ಕುಂಟ್ತಾ ಇದೆ?"

"ನಾಕು ದಿನ" ಎಂದೆ.

ರತ್ನಾ ನನ್ನ ಮುಖ ನೋಡಿದಳು.

"ಅಷ್ಟು ಬೇಗ ಹೀಗಾಗಲ್ಲ. ಹೋಗ್ಲಿ ಬಿಡಿ. ಮೊದ್ಲೇ ತಂದಿದ್ರೆ ಮೊಳೆ ಕಿತ್ತು ಒಂದು ಸೂಜಿ ಹಾಕಿದ್ರೆ ಮುಗೀತಿತ್ತು. ಈಗ ಬೇಕಾದ ಮದ್ದು ನನ್ನ ಹತ್ರ ಇಲ್ಲ, ಗುಲಬರ್ಗಾದಿಂದ ತರಬೇಕು. ತಂದ್ರೂ ಉಳಿಯುತ್ತೆ ಅಂತ ಹೇಳಲಾರೆ. ಕತ್ತಲೆಯಲ್ಲಿಡಿ. ಗದ್ದಲ ಆಗಬಾರದು. ಒಂದು ಪಾತ್ರೆ ಬಿದ್ದ ಸದ್ದಿಗೂ ಸೆಟೆದುಕೊಳ್ಳುತ್ತೆ."

ಗದ್ದಲ ಆಗಬಾರದಂತೆ. ರೈಲ್ವೆ ಲೈನಿನ ಮಗ್ಗುಲ ಮನೆಯಲ್ಲಿ.

೩ ಫೆಬ್ರವರಿ, ಶುಕ್ರವಾರ

ಚೀಟಿ ಹಿಡಿದು ಗುಲಬರ್ಗಾಕ್ಕೆ ಹೋಗಿ ಮದ್ದು ತಂದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಹಳೆಯ ಗ್ಯಾಂಗಿನವರು ಚಹಾಕ್ಕೆ ಕರೆದರು. ನಿಲ್ಲಲಿಲ್ಲ. ಬಂದಾಗ ರತ್ನಾ ಟಗರಿನ ಬಾಯಿಯ ಸಂದಿಗೆ ಹತ್ತಿಯಿಂದ ನೀರು ಹಿಂಡುತ್ತಿದ್ದಳು. ಬಂದಪ್ಪ ನೀಲಾಬಾಯಿಯ ಮನೆಯಲ್ಲೇ ಮಲಗಿದ್ದ.

ಡಾಕ್ಟರು ಬಂದು ಸೂಜಿ ಹಾಕಿದ. ಹಣ ಕೊಡಹೋದರೆ ಸರಕಾರದ್ದು, ಬೇಡ ಎಂದ. ಕುಂಟತೊಡಗಿ ಮೂರು ವಾರವಾಯಿತು ಎಂದು ಅವನಿಗೆ ಹೇಳಿದೆ. ಗೊತ್ತು ಎಂದ.

೪ ಫೆಬ್ರವರಿ, ಶನಿವಾರ

ಒಳಗಿನ ಕೋಣೆಯಲ್ಲಿ ಬೀಸುಕಲ್ಲಿನ ಮಗ್ಗುಲಲ್ಲಿ ಮಲಗಿಸಿದ್ದೇವೆ. ಮರಿ ಇದ್ದಾಗ ಅಲ್ಲೇ ಮಲಗುತ್ತಿತ್ತು, ಭಾಗಮ್ಮ ಬೀಸುವಾಗ. ಕಿಟಕಿಗೆ ಕಂಬಳಿ ಕಟ್ಟಿದೆ. ಗಾಡಿಗಳ ಹೊತ್ತು ನನಗೆ ಬಾಯಿಪಾಠ. ಸಿಗ್ನಲ್ ಬಿದ್ದ ಸಪ್ಪಳ ಕೇಳಿದ ಕೂಡಲೇ ಭಾಗಮ್ಮನ ಹಳೆಯ ಸೀರೆಯ ತುಂಡನ್ನು ಅದರ ಕಿವಿಗೆ ಒತ್ತಿ ಹಿಡಿಯುತ್ತೇನೆ. ಗೂಡ್ಸ್ ಬಲು ಉದ್ದ. ಇಷ್ಟು ಉದ್ದ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ.

ಮಧ್ಯಾಹ್ನ ಚುನಾವಣೆಯ ಜೀಪು ಓಣಿಗೆ ಬಂತು, ಮೈಕಿನಲ್ಲಿ ಕೂಗುತ್ತ. ಹೊರಗೆ ಓಡಿದೆ. ಒಳಗಿದ್ದವರು ನನ್ನನ್ನು ಬಲ್ಲವರು. ಕಲ್ಲು ಎತ್ತುತ್ತಾನೆ ಎಂದುಕೊಂಡು ತಲೆ ಬಗ್ಗಿಸಿದರು. ನಾನು ಕೈ ಮುಗಿದೆ. "ಮನ್ಯಾಗ ಆರಾಮಿಲ್ರಿ. ಸ್ವಲ್ಪ ಮುಂದ ಹೋಗಿ ಕೂಗರಿ" ಎಂದೆ.

"ಯಾರಿಗ ಆರಾಮಿಲ್ರಿ ಕಾಕಾ?"

"ಮನ್ಯಾಗಿನವರಿಗೆ" ಎಂದೆ.

ಮೈಕು ಬಂದ್ ಮಾಡಿ ಹೋದರು.

೬ ಫೆಬ್ರವರಿ, ಸೋಮವಾರ

ಹೋಯಿತು. ಮಧ್ಯಾಹ್ನ. ಗಾಡಿ ಇಲ್ಲದ ಹೊತ್ತು, ಯಾವ ಸದ್ದೂ ಇರಲಿಲ್ಲ.

೯ ಫೆಬ್ರವರಿ, ಗುರುವಾರ

ಬೇವಿನ ಗಿಡದ ಬುಡದಲ್ಲಿ ಹೂತದ್ದು. ಮಣ್ಣು ಗಟ್ಟಿ. ಸಲಾಂ ಸಾಬ ಬಂದು ನನ್ನ ಕೈಯ ಸನಿಕೆ ಕಸಿದುಕೊಂಡು ತಾನೇ ಅಗೆದ.

ಅಂಗಳದಲ್ಲಿ ಏನೂ ಕೇಳುವುದಿಲ್ಲ.

೧೩ ಫೆಬ್ರವರಿ, ಸೋಮವಾರ

ಸಲಾಂ ಸಾಬನ ಮನೆಗೆ ಹೋದೆ. ಹರಕೆ ತಲೆಯ ಮೇಲೆ ಹಾಗೇ ಇದೆಯಲ್ಲ. ಬೇರೆ ಟಗರು ತರಬೇಕೋ ಏನೆಂದು ಕೇಳಬೇಕಿತ್ತು.

ಅವನು ಗಡ್ಡ ತೀಡಿದ. "ಟಗರು ಕೊಡಾಕ ಆಗಲಿಲ್ಲಂದ್ರ ಮಲೀದಾ ಓದಸ್ತಾರ ಜಟ್ಟೆಪ್ಪ. ರೊಟ್ಟಿ ಬೆಲ್ಲ ತುಪ್ಪ ಕಲಸಿ ನಾಕು ಮಂದಿಗೆ ಹಂಚಿದ್ರ ಮುಗೀತು. ನಿಮ್ಮ ಓಣ್ಯಾಗೇ ಮಾಡ್ಯಾರ."

"ಮಲೀದಾ ನಡೀತದಾ?"

"ಯಾಕ ನಡೀಲ್ಲ? ದರ್ಗಾದಾಗ ಮಲಗಿದವನಿಗೆ ಹಸಿವು ಏನ್?"

"ಮತ್ತ ಮೊದಲ ಯಾಕ ಹೇಳಲಿಲ್ಲ?" ಎಂದೆ. ಒದರಬೇಕೆಂದೇ ಬಾಯಿ ತೆರೆದದ್ದು.

"ನೀ ಎಲ್ಲಿ ಕೇಳಿದಿ? ಟಗರು ನಡಿಸಿ ತೋರಿಸಿದಿ. ಕುಂಟೋ ಟಗರಿಗೆ ಏನ್ ಹೇಳಬೇಕೋ ನಾ ಹೇಳಿದೆ. ಕೊಡಾಕ ಮನಸ್ಸಿಲ್ಲ ಸಲಾಂ ಅಂತ ನೀ ಒಂದು ಮಾತು ಅಂದಿದ್ರ, ಆವತ್ತೇ ನಾ ಮಲೀದಾ ಅಂತಿದ್ದೆ." ತಾನೇ ತಲೆ ಅಲ್ಲಾಡಿಸಿದ. "ಅಂತಿದ್ದಿಲ್ಲ ನೀ. ನನಗ ಗೊತ್ತದ. ಇಷ್ಟು ಒದರೋ ಮನಶಾ, ಇದೊಂದು ಮಾತು ನಿನ್ನ ಬಾಯಾಗ ಬರ್ತಿದ್ದಿಲ್ಲ."

ಅವನ ಹೆಂಡತಿ ಚಹಾ ತಂದಿಟ್ಟಳು. ಆರಿತು. ಎದ್ದು ಬಂದೆ.

೧೯ ಫೆಬ್ರವರಿ, ರವಿವಾರ

ರತ್ನಾ ಬಂದಿದ್ದಳು. ಮಲೀದಾ ಇದೇ ಗುರುವಾರ ಎಂದು ಗೊತ್ತು ಮಾಡಿದ್ದೇವೆ. ಅವಳ ಅತ್ತೆಯೂ ಆಗಲಿ ಎಂದಳಂತೆ. ಬಂದಪ್ಪನ ಕೆಮ್ಮು ಯಾವತ್ತೋ ಹೋಗಿದೆ, ಸೀತವಾಗಿತ್ತಂತೆ. ವಾಡಿಯ ಡಾಕ್ಟರು ತೋರಿಸಿದ ದಿನವೇ ಹೇಳಿದ್ದನಂತೆ, ಏನೂ ಇಲ್ಲ, ಹೆದರಬೇಡಿ ಎಂದು. ತೋರಿಸಿದ್ದಳಲ್ಲ ಅವಳು.

ಬಂದಪ್ಪ ಈಗ ಗೋಡೆ ಹಿಡಿದು ನಡೆಯುತ್ತಾನೆ. ಫರಸಿಯ ಮೇಲೆ ಅವನ ಕಾಲಿನ ಸದ್ದು ಇಲ್ಲ, ಮೆತ್ತಗಿನ ಕಾಲು. ಬೇವಿನ ಗಿಡದವರೆಗೆ ಹೋಗಿ ಬಂದ.

ಹೊರಡುವಾಗ ರತ್ನಾಳಿಗೆ ಬೆಲ್ಲ ಎಷ್ಟು ಬೇಕೆಂದು ಕೇಳಿದೆ.

"ಏನಂದಿ?"

ಮತ್ತೆ ಕೇಳಿದೆ.

"ಯಪ್ಪಾ, ಸ್ವಲ್ಪ ಜೋರ್ ಮಾತಾಡು. ಏನೂ ಕೇಳವಲ್ದು."

ಮಗಳ ಕಿವಿ ತೋರಿಸಬೇಕು. ಅಳಿಯನಿಗೆ ಹೇಳುತ್ತೇನೆ. ಕಾರ್ಖಾನೆಯ ಸದ್ದಿನ ಮಗ್ಗುಲಲ್ಲಿದ್ದರೆ ಹೀಗೇ ಆಗುವುದು. ಇಂಥದ್ದನ್ನು ತಡ ಮಾಡಬಾರದು.

೨೦ ಫೆಬ್ರವರಿ, ಸೋಮವಾರ

ಭಾಗಮ್ಮ, ಬೆಲ್ಲ ತಂದಿದ್ದೇನೆ. ತುಪ್ಪ ನೀಲಾಬಾಯಿ ಕೊಡುತ್ತಾಳೆ. ಹರಕೆ ನಿನ್ನದು, ತೀರಿಸುವವನು ನಾನು. ಆದ್ದರಿಂದ ಕೇಳುವ ಹಕ್ಕು ನನಗಿದೆ. ನೀನಾಗಿದ್ದರೆ ಅದನ್ನು ದವಾಖಾನೆಗೆ ಯಾವ ದಿನ ಒಯ್ಯುತ್ತಿದ್ದೆ? ಮೂರು ಟಕ್ಕ ಒಂದು ಸರ್ರ್ ಅಂದ ದಿನವೋ, ಮೊಳೆ ಕಂಡ ದಿನವೋ, ರೊಟ್ಟಿ ಬಾಯಲ್ಲಿ ಹಿಡಿದು ನಿಂತ ದಿನವೋ? ಸುತ್ತಿ ಬಳಸಿ ಹೇಳಬೇಡ, ನಗಬೇಡ. ಒಂದು ತಾರೀಖು ಹೇಳು. ಗುರುವಾರ ಮಲೀದಾ. ಬುಧವಾರ ಇಪ್ಪತ್ತೆರಡರ ಸಂಜೆ ದೀಪ ಹಚ್ಚುವುದರೊಳಗೆ ನನಗೆ ಉತ್ತರ ಬೇಕು.